ಗೊದ್ದಗಳು ಊಟ ಬಿಟ್ಟ ಡಿಸೆಂಬರ್

ಸಕ್ಕರೆ ನೀರಿನ ಹನಿ ಇಟ್ಟಲ್ಲೇ ಒಣಗಿ ಅಂಟಾಗಿತ್ತು. ಮೊದಲ ದಿನ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ದಿನ ಅದನ್ನು ಒರೆಸಿ ಹೊಸ ಹನಿ ಇಟ್ಟೆ. ಮೂರನೇ ದಿನವೂ ಅದೇ ಕಥೆ. ನಾಲ್ಕನೇ ದಿನ ಬೆಳಿಗ್ಗೆ ಗೂಡಿನ ಮೂಲೆಯಲ್ಲಿ ಎರಡು ಹೆಣ ಬಿದ್ದಿದ್ದವು.

ನಾನು ಸಾಕಿರುವುದು ಗೊದ್ದದ ಒಂದು ಸಂಸಾರ. ಮನೆ ಗೋಡೆ, ತೆಂಗಿನಮರ, ಕಾಂಪೌಂಡು ಎಲ್ಲೆಲ್ಲೂ ಓಡಾಡುವ ದೊಡ್ಡ ಕರಿ ಇರುವೆ ಇದೆಯಲ್ಲ, ಅದೇ. ಕೆಲವರು ಕಟ್ಟಿರುವೆ ಅನ್ನುತ್ತಾರೆ. ವಿಜ್ಞಾನದಲ್ಲಿ ಅದರ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. "ಬೀದೀಲಿ ಪುಕ್ಕಟೆ ಸಿಗೋದನ್ನ ಡಬ್ಬಿಯೊಳಗೆ ಇಟ್ಕೊಂಡು ಸಾಕ್ತಾಳೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಅವಳು ಹೇಳುವುದರಲ್ಲೂ ತಪ್ಪಿಲ್ಲ.

ರಾಣಿ ಸಿಕ್ಕಿದ್ದು ಹಿಂದಿನ ಮೇ ತಿಂಗಳಲ್ಲಿ. ಮೈಸೂರಿನಲ್ಲಿ ಗುಡುಗು ಸಿಡಿಲಿನ ಮಳೆ ಬಂದು ನಿಂತ ಸಂಜೆ. ಜಗಲಿಯ ಟ್ಯೂಬ್‌ಲೈಟಿನ ಕೆಳಗೆ ರೆಕ್ಕೆ ಉದುರಿಸಿಕೊಂಡು ಓಡಾಡುತ್ತಿದ್ದಳು. ಟೆಸ್ಟ್ ಟ್ಯೂಬಿನ ತಳದಲ್ಲಿ ನೀರು, ಅದಕ್ಕೆ ಹತ್ತಿಯ ಬಿರಟೆ, ಆಮೇಲೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ ಉಂಡೆ. ಇಷ್ಟೇ ಮನೆ. ಅದನ್ನು ಬೀರುವಿನ ಕತ್ತಲಲ್ಲಿ ಇಟ್ಟೆ. ಈ ಜಾತಿಯ ರಾಣಿ ಮೊದಲ ಮಕ್ಕಳು ಹುಟ್ಟುವವರೆಗೆ ಏನೂ ತಿನ್ನುವುದಿಲ್ಲ. ಮೈಯಲ್ಲಿರುವ ಕೊಬ್ಬನ್ನೂ ಇನ್ನು ಬೇಕಿಲ್ಲದ ರೆಕ್ಕೆಯ ಸ್ನಾಯುಗಳನ್ನೂ ಕರಗಿಸಿ ಮರಿಗಳಿಗೆ ಉಣಿಸುತ್ತಾಳೆ. ಒಂದೂವರೆ ತಿಂಗಳಿನ ಮೇಲೆ ಸಣ್ಣ ಸಣ್ಣ ಕೆಲಸಗಾರ್ತಿಯರು ಹೊರಬಂದರು. ನವೆಂಬರ್ ಹೊತ್ತಿಗೆ ಒಟ್ಟು 23.

ಆಗ ನನಗೆ ಆಸೆ ಹತ್ತಿತು. ನಾಲ್ಕು ಕೋಣೆಯ ಅಕ್ರಿಲಿಕ್ ಮನೆ ತರಿಸಿದೆ. ಗಾಜಿನ ಹಾಗೆ ಹೊಳೆಯುತ್ತದೆ, ಮುಂದೆ ಅಂಗಳ ಬೇರೆ. ಇಬ್ಬರೇ ಇರುವ ಸಂಸಾರಕ್ಕೆ ಕಲ್ಯಾಣ ಮಂಟಪ ಬಾಡಿಗೆ ಹಿಡಿದ ಹಾಗಾಯಿತು ಅನ್ನುವುದು ಆಮೇಲೆ ಗೊತ್ತಾಯಿತು. ಟೇಬಲ್ ಮೇಲೆ ಇಟ್ಟು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಫೋನಿನ ಟಾರ್ಚ್ ಬಿಟ್ಟು ವಿಡಿಯೋ ಕೂಡ ಮಾಡಿದ್ದೆ.

ಊಟ ಬಿಟ್ಟಾಗ ನನಗೆ ಹೊಳೆದದ್ದು ಒಂದೇ. ಊಟವೇ ಸರಿಯಿಲ್ಲ, ಬೇರೆ ಕೊಡೋಣ. ಜೇನುತುಪ್ಪ ಇಟ್ಟೆ. ಬಾಳೆಹಣ್ಣು ಇಟ್ಟೆ. ಬೆಂದ ಮೊಟ್ಟೆಯ ಹಳದಿ, ಬೆಲ್ಲದ ಪಾಕ, ಚೂರು ಪನೀರ್. ಸಾಕುಪ್ರಾಣಿ ಅಂಗಡಿಯಿಂದ ಹಕ್ಕಿಗಳಿಗೆ ಕೊಡುವ ಮೀಲ್‌ವರ್ಮ್ ಎಂಬ ಹುಳು ತಂದು ಜೀವಂತವಾಗಿಯೇ ಬಿಟ್ಟೆ. ಅದು ಹೊರಳಾಡಿದ್ದು ನೋಡಿ ಅಂಗಳದಲ್ಲಿದ್ದ ಎರಡು ಇರುವೆ ಒಳಗೆ ಓಡಿದವು. ಮತ್ತೆ ಹೊರಗೆ ಬರಲೇ ಇಲ್ಲ.

"ಮುಷ್ಕರ ಹೂಡಿರೋ ಮಗು ಮುಂದೆ ಹತ್ತು ತಟ್ಟೆ ಇಟ್ರೆ ತಿನ್ನುತ್ತೇನೇ? ನೀನು ಚಿಕ್ಕೋಳಿದ್ದಾಗ ತಿಂತಿದ್ಯಾ?" ಅಂದಳು ಅಮ್ಮ.

ಅಷ್ಟಕ್ಕೂ ಬಿಡದೆ ಇನ್ನೊಂದು ಕೆಲಸ ಮಾಡಿದೆ. ಇದನ್ನು ಬರೆಯಲು ಈಗಲೂ ನಾಚಿಕೆ. ಸೂಜಿಯ ತುದಿಗೆ ಜೇನುತುಪ್ಪ ಅದ್ದಿ ಒಂದು ಇರುವೆಯ ಬಾಯಿಗೇ ಒಯ್ದೆ. ಅದು ಹಿಂದೆ ಸರಿಯಲು ಹೋಗಿ ಮುಂಗಾಲನ್ನೂ ಮೀಸೆಯನ್ನೂ ಜೇನಿಗೆ ಅಂಟಿಸಿಕೊಂಡಿತು. ಒದ್ದೆ ಕುಂಚದಿಂದ ಬಿಡಿಸಿದೆ. ಸಂಜೆಗೆ ಸತ್ತಿತ್ತು. ಗಟ್ಟಿ ಜೇನು ಇರುವೆಗೆ ಕೆಸರಿನ ಗುಂಡಿಯಿದ್ದ ಹಾಗೆ. ಕೊಡುವುದಾದರೆ ನೀರು ಬೆರೆಸಿಯೇ ಕೊಡಬೇಕು.

ಆ ರಾತ್ರಿ ಊಟ ಕೊಡುವುದನ್ನು ನಿಲ್ಲಿಸಿ ಭೂತಗನ್ನಡಿ ಹಿಡಿದು ಕೂತೆ. ಮೊದಲ ಸಲ ಸರಿಯಾಗಿ ನೋಡಿದ್ದು ಆಗಲೇ.

ಹೊಟ್ಟೆ ನೋಡಿದರೆ ಇರುವೆ ಉಂಡಿದೆಯೋ ಇಲ್ಲವೋ ತಿಳಿಯುತ್ತದೆ. ಹೊಟ್ಟೆಯ ಮೇಲೆ ಬಳೆಗಳ ಹಾಗೆ ಕರಿ ಪಟ್ಟಿಗಳಿವೆ. ಉಂಡಾಗ ಹೊಟ್ಟೆ ಉಬ್ಬಿ ಪಟ್ಟಿಗಳು ದೂರವಾಗುತ್ತವೆ, ನಡುವೆ ತೆಳು ಚರ್ಮ ಕಾಣುತ್ತದೆ. ನನ್ನ ಇರುವೆಗಳಲ್ಲಿ ಪಟ್ಟಿಗಳು ಒಂದರೊಳಗೊಂದು ಸೇರಿಕೊಂಡಿದ್ದವು. ಎಲ್ಲವೂ ಖಾಲಿ ಹೊಟ್ಟೆ. ಅಂದರೆ ಹಸಿವಿಲ್ಲದೆ ಬಿಟ್ಟಿದ್ದಲ್ಲ. ಹಸಿದೂ ತಿನ್ನುತ್ತಿಲ್ಲ.

ಎರಡನೆಯದು, ಹೆಣಗಳು ಬಿದ್ದಲ್ಲೇ ಬಿದ್ದಿದ್ದವು. ಇರುವೆಗಳು ಹೆಣವನ್ನು ಹೀಗೆ ಬಿಡುವುದಿಲ್ಲ. ಸತ್ತ ಇರುವೆಯ ಮೈಯಿಂದ ಒಲೀಕ್ ಆಮ್ಲದ ವಾಸನೆ ಬರುತ್ತದೆ, ಅದು ಮೂಗಿಗೆ ಬಡಿದರೆ ಹೊತ್ತು ಕಸದ ಗುಡ್ಡೆಗೆ ಹಾಕುತ್ತವೆ. 1950ರ ದಶಕದಲ್ಲಿ ಅಮೆರಿಕದ ಇರುವೆ ವಿಜ್ಞಾನಿ ಇ. ಒ. ವಿಲ್ಸನ್ ಇದೇ ಆಮ್ಲವನ್ನು ಬದುಕಿರುವ ಇರುವೆಗೆ ಸವರಿ ನೋಡಿದ್ದರು. ಕಾಲಾಡಿಸುತ್ತಿದ್ದರೂ ಬಿಡದೆ ಹೊತ್ತೊಯ್ದು ಕಸಕ್ಕೆ ಎಸೆದವಂತೆ. ಅಂಥ ಕಟ್ಟುನಿಟ್ಟಿನ ಜನ ನನ್ನ ಗೂಡಿನಲ್ಲಿ ಹೆಣದ ಪಕ್ಕದಲ್ಲೇ ಸುಮ್ನೆ ನಿಂತಿದ್ದರು.

ಮೂರನೆಯದು ನೋಡಿದಾಗ ಎದೆ ಧಸಕ್ಕೆಂದಿತು. ಒಂದು ಇರುವೆ ನಡೆಯುತ್ತ ನಡೆಯುತ್ತ ಮಗುಚಿ ಬಿತ್ತು. ಕಾಲುಗಳು ನಡುಗಿದವು. ಎದ್ದಿತು, ನಾಲ್ಕು ಹೆಜ್ಜೆ ಇಟ್ಟಿತು, ಮತ್ತೆ ಬಿತ್ತು. ಇದು ಹಸಿವಿನ ನಡಿಗೆಯಲ್ಲ. ಇರುವೆ ಚಾಕ್‌ಪೀಸಿನ ಗೆರೆ ದಾಟಿದ ಇರುವೆ ಹೀಗೇ ಬೀಳುವುದನ್ನು ಚಿಕ್ಕಂದಿನಲ್ಲಿ ಅಡುಗೆಮನೆಯಲ್ಲಿ ಎಷ್ಟು ಸಲ ನೋಡಿಲ್ಲ!

ತಲೆ ಎತ್ತಿದೆ. ಟೇಬಲ್ ಪಕ್ಕದ ಪ್ಲಗ್ಗಿನಲ್ಲಿ ಸೊಳ್ಳೆ ಔಷಧಿಯ ಕೆಂಪು ದೀಪ ಉರಿಯುತ್ತಿತ್ತು.

ಅದು ಮೊದಲೂ ಇತ್ತು. ಆದರೆ ಕಿಟಕಿ ತೆರೆದಿರುತ್ತಿತ್ತು, ಗೂಡು ಬೀರುವಿನಲ್ಲಿತ್ತು. ಚಳಿ ಶುರುವಾದ ಮೇಲೆ ಸಂಜೆ ಆರಕ್ಕೇ ಕಿಟಕಿ ಹಾಕಿ, ಮಶೀನು ಹಚ್ಚಿ, ಬಾಗಿಲನ್ನೂ ಮುಚ್ಚುತ್ತಿದ್ದೆ. ಗೂಡು ಅದರಿಂದ ಮೂರು ಅಡಿ ದೂರ. ಸೊಳ್ಳೆಗೆ ವಿಷವಾದದ್ದು ಇರುವೆಗೂ ವಿಷವೇ. ಎರಡೂ ಕೀಟ. ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆದಿರಲಿಲ್ಲ. ಮಶೀನು ಕಿತ್ತೆ, ಕಿಟಕಿ ತೆರೆದೆ, ರಾತ್ರಿ ಹನ್ನೊಂದಕ್ಕೆ ಗೂಡನ್ನು ಹೊತ್ತು ಹಾಲ್‌ಗೆ ಬಂದೆ. ಅಲ್ಲಿ ನಾವು ಔಷಧಿ ಹಚ್ಚುವುದಿಲ್ಲ. ಮಾರನೇ ದಿನ ನನ್ನ ಮಂಚಕ್ಕೆ ಸೊಳ್ಳೆಪರದೆ ಬಂತು.

ಅಷ್ಟರಲ್ಲಿ 23 ಇದ್ದದ್ದು 16ಕ್ಕೆ ಇಳಿದಿತ್ತು.

ವಿಷ ಹೋದರೆ ಊಟ ಶುರುವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಬೀಳುವುದು ನಿಂತಿತು, ಆದರೆ ಎಲ್ಲವೂ ರಾಣಿಯ ಸುತ್ತ ಗುಂಪುಗೂಡಿ ಕೂತವು. ಅಂಗಳಕ್ಕೆ ಒಂದೂ ಬರುವುದಿಲ್ಲ. ಅಕ್ವೇರಿಯಂ ಥರ್ಮಾಮೀಟರು ಪಕ್ಕದಲ್ಲಿಟ್ಟೆ. ಬೆಳಿಗ್ಗೆ ಆರಕ್ಕೆ 19 ಡಿಗ್ರಿ. ಇರುವೆಯ ಮೈಗೆ ತನ್ನದೇ ಬಿಸಿ ಇಲ್ಲ. ಹೊರಗೆ ತಣ್ಣಗಾದರೆ ಒಳಗೂ ತಣ್ಣಗೆ. ನಡಿಗೆ ನಿಧಾನ, ಜೀರ್ಣ ನಿಧಾನ, ಮರಿ ಬೆಳೆಯುವುದೂ ನಿಧಾನ. ನೆಲದೊಳಗಿನ ಗೂಡಾದರೆ ಆಳಕ್ಕೆ ಇಳಿದು ಬೆಚ್ಚಗಿರಬಹುದು. ಅಕ್ರಿಲಿಕ್ ಹಲಗೆಯಲ್ಲಿ ಎಲ್ಲಿಗೆ ಇಳಿಯಬೇಕು? ಮೇಲಾಗಿ ಗೂಡಿಗೆ ತೇವ ಕೊಡುವ ಸ್ಪಂಜನ್ನು ಮುಟ್ಟಿ ನೋಡಿದೆ. ರೊಟ್ಟಿಯ ಹಾಗೆ ಒಣಗಿತ್ತು.

ಹೀಗಾಗಿ ತೀರ್ಮಾನ ಮಾಡಿದೆ. ಕಲ್ಯಾಣ ಮಂಟಪ ಸಾಕು. ವಾಪಸ್ ಹಳೇ ಮನೆಗೆ.

ಹೊಸ ಟೆಸ್ಟ್ ಟ್ಯೂಬಿಗೆ ನೀರು, ಹತ್ತಿ ಹಾಕಿ, ಅದರ ಬಾಯನ್ನು ಅಂಗಳದ ತೂತಿಗೆ ಸೇರಿಸಿ ಟೇಪ್ ಸುತ್ತಿದೆ. ಇರುವೆಗಳನ್ನು ಜಾಡಿಸಿ ಸುರಿಯುವವರೂ ಇದ್ದಾರೆ. ನನ್ನವು ಆಗಲೇ ಸೋತಿದ್ದವು, ಆ ಧೈರ್ಯ ಬರಲಿಲ್ಲ. ಟ್ಯೂಬಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿದೆ, ಅಕ್ರಿಲಿಕ್ ಮನೆಯ ಮುಚ್ಚಳ ತೆಗೆದು ಬೆಳಕು ಬೀಳುವಂತೆ ಬಿಟ್ಟೆ. ಕೆಂಪು ಬೆಳಕು ಇರುವೆಗಳಿಗೆ ಅಷ್ಟಾಗಿ ಕಾಣುವುದಿಲ್ಲ, ಕತ್ತಲಿದ್ದ ಹಾಗೇ. ಇದು ಹೊಸ ಉಪಾಯವೇನಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಲಬಕ್ ಇರುವೆ ಗೂಡಿನ ಮೇಲೆ ಬೇರೆ ಬೇರೆ ಬಣ್ಣದ ಗಾಜು ಇಟ್ಟು ನೋಡಿದ್ದರು. ನೇರಳೆ ಗಾಜಿನ ಕೆಳಗಿಂದ ಓಡಿ ಕೆಂಪಿನ ಕೆಳಗೆ ಸೇರಿಕೊಳ್ಳುತ್ತಿದ್ದವು. ಅವರು ಸಾಕಿದ ಒಂದು ರಾಣಿ ಇರುವೆ ಸುಮಾರು 15 ವರ್ಷ ಬದುಕಿತ್ತು. ನನ್ನ ರಾಣಿಯನ್ನು ಏಳು ತಿಂಗಳಿಗೇ ಕೊಲ್ಲಲು ಹೊರಟಿದ್ದೆನಲ್ಲ ಅಂತ ಅದನ್ನು ನೆನೆದಾಗಲೆಲ್ಲ ಅನಿಸುತ್ತಿತ್ತು.

ಮೊದಲ ದಿನ ಒಂದು ಇರುವೆ ಟ್ಯೂಬಿಗೆ ಹೋಗಿ ಬಂತು. ಎರಡನೇ ದಿನ ಮೂರು. ಮೂರನೇ ರಾತ್ರಿ ಸಾಮಾನು ಸಾಗಣೆ ಶುರುವಾಯಿತು. ಮರಿಹುಳಗಳನ್ನು ದವಡೆಯಲ್ಲಿ ಹಿಡಿದು ಒಂದೊಂದಾಗಿ ಹೊತ್ತವು. ಎಣಿಸಿದೆ, ಏಳೇ ಇದ್ದವು. ಮೊಟ್ಟೆ ಒಂದೂ ಇಲ್ಲ. ಕಷ್ಟಕಾಲದಲ್ಲಿ ಮೊಟ್ಟೆಯನ್ನೇ ತಿಂದುಕೊಳ್ಳುತ್ತವೆ. ಕೊನೆಗೆ ರಾಣಿ ನಡೆದು ಬಂದಳು. ಒಳಗೆ ಹೋದವು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಒದ್ದೆ ಹತ್ತಿಗೆ ಬಾಯಿ ಹಚ್ಚಿ ಸಾಲಾಗಿ ನಿಂತವು. ಹತ್ತು ನಿಮಿಷ ಅಲ್ಲಾಡಲಿಲ್ಲ. ನಾನು ಪನೀರ್ ಇಟ್ಟು ಕೂತಿದ್ದೆ, ಅವಕ್ಕೆ ಬಾಯಾರಿತ್ತು.

ಬಿಸಿಗೆ ಸೆಟ್‌ಟಾಪ್ ಬಾಕ್ಸು ಸಿಕ್ಕಿತು. ಟೀವಿ ಆಫ್ ಮಾಡಿದರೂ ಅದು ಬೆಚ್ಚಗೇ ಇರುತ್ತದೆ. ಪಕ್ಕಕ್ಕೆ ಥರ್ಮಾಮೀಟರು ಇಟ್ಟರೆ 28 ತೋರಿಸಿತು. ಇಲ್ಲೂ ಒಂದು ಎಡವಟ್ಟಾಯಿತು. ಮೊದಲ ರಾತ್ರಿ ನೀರಿರುವ ತುದಿಯನ್ನೇ ಬಿಸಿಗೆ ತಾಗಿಸಿದ್ದೆ. ತಳದಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಹಿಗ್ಗಿ ನೀರನ್ನು ಹತ್ತಿಯಿಂದಾಚೆ ತಳ್ಳಿತ್ತು. ಬೆಳಿಗ್ಗೆ ನೋಡಿದರೆ ನೆಲವೆಲ್ಲ ಒದ್ದೆ, ಇರುವೆಗಳು ಮರಿಗಳನ್ನು ಎತ್ತಿಕೊಂಡು ಬಾಯಿಯ ಕಡೆ ನಿಂತಿವೆ, ಪ್ರವಾಹ ಬಂದ ಊರಿನವರ ಹಾಗೆ. ಟ್ಯೂಬು ತಿರುಗಿಸಿದೆ. ನೀರಿನ ತುದಿ ತಂಪಿಗೆ, ನಡುಭಾಗ ಮಾತ್ರ ಬಿಸಿಯ ಹತ್ತಿರ. ಎಲ್ಲಿ ಹಿತವೋ ಅಲ್ಲಿ ಅವೇ ಕೂರುತ್ತವೆ. ಕೆಳಗೆ ಹಳೇ ಸ್ವೆಟರ್ ಮಡಚಿ ಹಾಕಿದೆ, ಏಕೆಂದರೆ ಇರುವೆಗೆ ನೆಲದ ಅದುರು ಚೆನ್ನಾಗಿ ಗೊತ್ತಾಗುತ್ತದೆ. ಅಮ್ಮನಿಗೆ ಧಾರಾವಾಹಿಯ ಸೌಂಡು ಕಮ್ಮಿ ಮಾಡಲು ಹೇಳಿದೆ. "ಇರುವೆಗೋಸ್ಕರ ನಾನು ಮೂಕಾಭಿನಯ ನೋಡ್ಬೇಕಾ?" ಅಂದಳು. ಕಮ್ಮಿ ಮಾಡಿದಳು.

ಆಮೇಲೆ ಎಲ್ಲಕ್ಕಿಂತ ಕಷ್ಟದ ಕೆಲಸ. ನೋಡದೆ ಇರುವುದು. ಮೂರು ದಿನ ಟ್ಯೂಬಿನ ಮೇಲೆ ಟವೆಲ್ ಹೊದಿಸಿ ಮುಟ್ಟಲಿಲ್ಲ. ಟೀವಿ ಮುಂದೆ ಕೂತು ಟವೆಲ್ಲನ್ನೇ ನೋಡುತ್ತಿದ್ದೆ ಅನ್ನುವುದು ಬೇರೆ ಮಾತು.

ನಾಲ್ಕನೇ ದಿನ ಒಂದು ಭಾಗ ಸಕ್ಕರೆ, ನಾಲ್ಕು ಭಾಗ ನೀರು ಕಲಸಿದೆ. ಮೊದಲು ನಾನು ಕೊಡುತ್ತಿದ್ದದ್ದು ಜಾಮೂನಿನ ಪಾಕದಷ್ಟು ಗಟ್ಟಿ. ಈಗ ಬಾಯಿಗೆ ಸಪ್ಪೆ ಅನ್ನಿಸುವಷ್ಟು ತೆಳು. ಕಡಲೆಕಾಳಿನಷ್ಟು ಹತ್ತಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಫಾಯಿಲಿನ ಚೂರಿನ ಮೇಲೆ ಟ್ಯೂಬಿನ ಬಾಯೊಳಗೇ ಇಟ್ಟೆ. ಹನಿ ಹನಿಯಾಗಿ ಇಟ್ಟರೆ ಮುಳುಗುವ ಭಯ, ಹತ್ತಿಯಾದರೆ ಇಲ್ಲ. ಅಂಗಳ ದಾಟಿ ಬನ್ನಿ ಅಂತ ಕರೆಯುವುದು ಬಿಟ್ಟೆ. ಊಟ ಹಾಸಿಗೆಗೇ ಹೋಯಿತು.

ರಾತ್ರಿ ಹತ್ತೂವರೆಗೆ ಟವೆಲ್ ಅಂಚು ಎತ್ತಿದೆ. ಒಂದು ಇರುವೆ ಹತ್ತಿಯ ಹತ್ತಿರ ಬಂದು ಮೀಸೆಯಲ್ಲಿ ತಟ್ಟಿತು. ಹಿಂದೆ ಹೋಯಿತು. ಮತ್ತೆ ಬಂತು. ಬಾಯಿ ಹಚ್ಚಿತು. ನಾನು ಉಸಿರು ಹಿಡಿದೆ. ಮೂರು ನಿಮಿಷ ಕುಡಿಯಿತು. ಕಣ್ಣೆದುರೇ ಹೊಟ್ಟೆಯ ಪಟ್ಟಿಗಳು ಬಿಡಿಸಿಕೊಂಡವು.

ಇರುವೆಗೆ ಎರಡು ಹೊಟ್ಟೆ. ಹಿಂದಿನದು ತನ್ನದು, ಮುಂದಿನದು ಊರಿನದು. ಕುಡಿದದ್ದು ಮೊದಲು ಊರಿನ ಹೊಟ್ಟೆಗೆ ಹೋಗುತ್ತದೆ, ಅದರಲ್ಲಿ ಸ್ವಲ್ಪ ಮಾತ್ರ ತನ್ನ ಹೊಟ್ಟೆಗೆ ಇಳಿಯುತ್ತದೆ. ಉಳಿದದ್ದು ಯಾರು ಕೇಳಿದರೂ ಕೊಡಲಿಕ್ಕೆ. ಆ ಇರುವೆ ಒಳಗೆ ಹೋದದ್ದೇ ತಡ, ಇನ್ನೊಂದು ಎದುರು ಬಂದು ಅದರ ಮುಖವನ್ನು ಮೀಸೆಯಲ್ಲಿ ತಡವಿತು. ಬಾಯಿಗೆ ಬಾಯಿ. ನಡುವೆ ಒಂದು ಹನಿ ಮಿನುಗಿತು. ಕುಡಿದವಳ ಹಿಂದೆ ಇನ್ನೊಬ್ಬಳು, ಅವಳಿಂದ ಮತ್ತೊಬ್ಬಳು. ಹನ್ನೆರಡರ ಹೊತ್ತಿಗೆ ರಾಣಿಯ ಬಾಯಿಗೂ ತಲುಪಿತು. ಹೊರಗೆ ಬಂದು ಕುಡಿದದ್ದು ಎರಡೇ ಇರುವೆ. ಉಂಡದ್ದು ಇಡೀ ಮನೆ. 16 ಇರುವೆಗಳಿಗೂ ನಾನು ಊಟ ಹಾಕಬೇಕು ಅಂತ ಒದ್ದಾಡಿದ್ದೆನಲ್ಲ, ಒಂದಕ್ಕೆ ಧೈರ್ಯ ಬಂದಿದ್ದರೆ ಸಾಕಿತ್ತು.

ಹೋಗಿ ಅಮ್ಮನನ್ನು ಎಬ್ಬಿಸಿದೆ. ಬೈದಳು.

ಸಕ್ಕರೆ ಓಡಾಡಲಿಕ್ಕೆ ಬಲ ಕೊಡುತ್ತದೆ, ಮರಿ ಬೆಳೆಸುವುದಿಲ್ಲ. ಮರಿಗೆ ಹುಳು ಬೇಕು, ಮೊಟ್ಟೆ ಇಡಲು ರಾಣಿಗೂ ಬೇಕು. ಬೆಳೆದ ಇರುವೆಗಳಿಗೆ ಗಟ್ಟಿ ಪದಾರ್ಥ ನುಂಗಲು ಆಗುವುದಿಲ್ಲ. ಅಂಥ ಸಣ್ಣ ಸೊಂಟದಲ್ಲಿ ರಸ ಮಾತ್ರ ಇಳಿಯುತ್ತದೆ. ಜಗಿದು, ಹಿಂಡಿ, ಚರಟ ಉಗುಳುತ್ತವೆ. ಗಟ್ಟಿಯಾದದ್ದನ್ನು ಅರಗಿಸುವುದು ಮರಿಹುಳಗಳ ಕೆಲಸ. ಹಾಗಾಗಿ ಮರಿ ಕಮ್ಮಿಯಾದರೆ ಹುಳುವಿಗೆ ಗಿರಾಕಿಯೂ ಕಮ್ಮಿ. ಹುಳು ಹೋಗದಿದ್ದರೆ ಮೊಟ್ಟೆ ಕಮ್ಮಿ. ಈ ಸುಳಿಯಿಂದ ಹೊರಬರಲು ಉಳಿದಿದ್ದ ಏಳು ಮರಿಗಳೇ ಗತಿ.

ಮನೆಯ ಜಿರಲೆ ಮುಟ್ಟಲಿಲ್ಲ. ಯಾರ ಮನೆಯ ಔಷಧಿ ತಿಂದು ಬಂದಿದೆಯೋ ಯಾರಿಗೆ ಗೊತ್ತು. ಉಳಿದಿದ್ದ ಮೀಲ್‌ವರ್ಮ್ ಒಂದನ್ನು ಕುದಿಯುವ ನೀರಿಗೆ ಹಾಕಿ ತೆಗೆದು ಬ್ಲೇಡಿನಲ್ಲಿ ಕತ್ತರಿಸಿದೆ. ಮೇಲಿನ ಚಿಪ್ಪು ಗಟ್ಟಿ, ಒಳಗೆ ಬೆಣ್ಣೆ. ಒಳಭಾಗ ಇರುವೆಗಳ ಕಡೆ ತಿರುಗಿಸಿ ಅಕ್ಕಿಕಾಳಿನಷ್ಟು ಇಟ್ಟೆ. ಜೀವಂತ ಇದ್ದಾಗ ಹೆದರಿ ಓಡಿದ್ದವು ಈಗ ಅರ್ಧ ಗಂಟೆಯಲ್ಲಿ ಒಳಗೆ ಎಳೆದುಕೊಂಡವು. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗ ಕೊಳೆತ ಬಾಳೆಹಣ್ಣಿನ ಬಾಟಲಿಯಲ್ಲಿ ಹಣ್ಣುನೊಣ ಹಿಡಿದು ತಂದುಕೊಟ್ಟ. "ಅಕ್ಕಾ, ಒಂದಕ್ಕೆ ಒಂದು ರೂಪಾಯಿ" ಅಂದ. ಐದು ರೂಪಾಯಿ ವ್ಯಾಪಾರವಾಯಿತು.

ಹುರುಪಿನಲ್ಲಿ ಮತ್ತೆ ಜಾಸ್ತಿ ಹಾಕಿದೆ. ಅದು ನನ್ನ ಹಣೆಬರಹ. ತಿಂದು ಬಿಟ್ಟ ಚೂರು ಮರೆತು ಹೋಗಿ, ಬೆಚ್ಚಗಿದ್ದ ಟ್ಯೂಬಿನಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯಿತು. ಎರಡು ಇರುವೆ ಸತ್ತವು. ಸಾವಿಗೆ ಅದೇ ಕಾರಣವೋ, ಹಳೇ ವಿಷದ ಬಾಕಿಯೋ ಹೇಳಲಾರೆ. ಉಳಿದದ್ದು 14. ಮೀನಿನ ಅಂಗಡಿಯವರು ಹಳದಿ ಪುಡಿ ಕೊಟ್ಟು, "ಆಂಟಿಬಯೋಟಿಕ್ಕು, ಚಿಟಿಕೆ ನೀರಿಗೆ ಹಾಕಿ, ಎಲ್ಲಾ ಸರಿಹೋಗುತ್ತೆ ಮೇಡಂ" ಎಂದರು. ಕೊಡಲಿಲ್ಲ. ಗೊದ್ದದ ಜಾತಿಯ ಇರುವೆಗಳ ಹೊಟ್ಟೆಯೊಳಗೆ ಬ್ಲಾಕ್‌ಮಾನಿಯಾ ಎಂಬ ಬ್ಯಾಕ್ಟೀರಿಯಾ ಇದೆ. ಊಟದಲ್ಲಿ ಸಿಗದ ಪೋಷಕಾಂಶಗಳನ್ನು ಅದೇ ತಯಾರಿಸಿ ಕೊಡುತ್ತದೆ. ಆಂಟಿಬಯೋಟಿಕ್ ಹಾಕಿದರೆ ಅದೇ ಮೊದಲು ಸಾಯುತ್ತದೆ, ಮರಿ ಬೆಳೆಯುವುದು ಇನ್ನೂ ಕಷ್ಟ. ಬೂಷ್ಟಿಗೂ ಬ್ಯಾಕ್ಟೀರಿಯಾದ ಔಷಧಿಗೂ ಏನು ಸಂಬಂಧ, ಅದೂ ಬೇರೆ. ಚಿಮಟದಲ್ಲಿ ಬೂಷ್ಟು ಹಿಡಿದ ಚೂರು ತೆಗೆದೆ. ಅವತ್ತಿನಿಂದ ಒಂದು ಕಟ್ಟಳೆ. ರಾತ್ರಿ ಇಟ್ಟದ್ದು ಮಾರನೇ ರಾತ್ರಿಗೆ ಹೊರಗೆ. ಹುಳು ವಾರಕ್ಕೆ ಎರಡೇ ಸಲ, ಸಕ್ಕರೆ ಹತ್ತಿ ಮೂರು ದಿನಕ್ಕೊಮ್ಮೆ.

ಜನವರಿ ಮೂರನೇ ವಾರ ಭೂತಗನ್ನಡಿಯಲ್ಲಿ ನೋಡಿದಾಗ ಮರಿಹುಳಗಳ ಮೈ ಬೆಳ್ಳಗೆ ಉಬ್ಬಿತ್ತು. ತೆಳು ಚರ್ಮದ ಒಳಗೆ ಒಂದೊಂದಕ್ಕೂ ಸಾಸಿವೆಯ ಚೂರಿನಂಥ ಕಪ್ಪು ಚುಕ್ಕೆ. ಅದು ಹೊಟ್ಟೆಯೊಳಗಿನ ಊಟ. ಡಿಸೆಂಬರಿನಲ್ಲಿ ಆ ಚುಕ್ಕೆ ಇರಲಿಲ್ಲ. ರಾಣಿಯ ಕಾಲ ಬಳಿ ಹೊಸ ಮೊಟ್ಟೆಗಳ ಒಂದು ಗುಡ್ಡೆ. ಒಂಬತ್ತೋ ಹತ್ತೋ, ಅಂಟಿಕೊಂಡಿದ್ದರಿಂದ ಎಣಿಸಲಾಗಲಿಲ್ಲ.

ಏಳು ಮರಿಗಳಲ್ಲಿ ಐದು ಕೋಶ ಕಟ್ಟಿಕೊಂಡವು. ಫೆಬ್ರುವರಿ ಕೊನೆಗೆ ಮೊದಲ ಕೋಶ ಬಿಚ್ಚಿತು. ಒಳಗಿನ ಇರುವೆಗೆ ತಾನೇ ಹರಿದು ಬರುವುದು ಕಷ್ಟ, ಹೊರಗಿನವರು ತುದಿ ಕತ್ತರಿಸಿ ಎಳೆಯುತ್ತಾರೆ. ಹೊರಬಂದ ಹೊಸಬಳು ತಿಳಿ ಕಂದು, ಕಾಲು ಮಡಚಿಕೊಂಡು ನಡುಗುತ್ತಿದ್ದಳು. ಒಂದು ಕ್ಷಣ ಮತ್ತೆ ವಿಷವೇನೋ ಅಂತ ಹೆದರಿದೆ. ಮಾರನೇ ದಿನ ಕರ್ರಗಾಗಿ ಓಡಾಡುತ್ತಿದ್ದಳು.

ಯುಗಾದಿಯ ದಿನ ಸಕ್ಕರೆ ಬದಲು ಬೆಲ್ಲದ ನೀರು ಕೊಟ್ಟೆ. ಅಮ್ಮ ಶಾಸ್ತ್ರಕ್ಕೆ ಅಂತ ಬೇವಿನ ಹೂವಿನ ಎಸಳನ್ನೂ ಪಕ್ಕದಲ್ಲಿ ಇಟ್ಟಳು. ಬೆಲ್ಲ ಮುಗಿಸಿದವು. ಬೇವನ್ನು ಹೊತ್ತು ತಂದು ಟ್ಯೂಬಿನ ಬಾಯಲ್ಲಿ, ಚರಟದ ಗುಡ್ಡೆಗೆ ಎಸೆದವು. ಅವತ್ತು ಎಣಿಸಿದಾಗ 18 ಇದ್ದವು. ಅಕ್ರಿಲಿಕ್ ಮನೆಯನ್ನು ಸೋಪಿನಲ್ಲಿ ತೊಳೆದು ಒಣಗಿಸಿದ್ದೆ, ಐವತ್ತು ದಾಟಿದ ಮೇಲೆ ನೋಡೋಣ ಅಂತ. ಈಗ ಅದರ ನಾಲ್ಕು ಕೋಣೆಗಳಲ್ಲಿ ಅಮ್ಮನ ಗುಂಡುಪಿನ್ನು, ರವಿಕೆಯ ಹುಕ್ಕು, ಅಂಗಿಯ ಗುಂಡಿಗಳು ಇವೆ. ಒಂದು ಕೋಣೆ ಇನ್ನೂ ಖಾಲಿ.